1884ರ ರ್‍ಯಾಡ್‌ಬರ್ನ್: 59 ಗೆಲುವೋ, 60 ಗೆಲುವೋ?

ಸ್ಕೋರ್‌ಪುಸ್ತಕ

ಎಲ್ಲರಿಗೂ ನಮಸ್ಕಾರ. ಹಳೇ ಬೇಸ್‌ಬಾಲ್ ಸೀಸನ್‌ಗಳ ಲೆಕ್ಕವನ್ನು ನೋಟ್‌ಬುಕ್‌ನಲ್ಲಿ ಕೈಯಲ್ಲೇ ಬರೆದಿಡುವುದು ನನ್ನ ಅಭ್ಯಾಸ. ಒಂದು ವರ್ಷಕ್ಕೆ ಒಂದು ಪುಟ. ಆ ವರ್ಷ ಯಾವ ಪಿಚರ್ (ಬ್ಯಾಟ್ಸ್‌ಮನ್‌ಗೆ ಚೆಂಡು ಎಸೆಯುವವನು) ಎಷ್ಟು ಆಟ ಗೆದ್ದ ಅನ್ನುವುದು ಪುಟದ ಮೊದಲ ಸಾಲು. ಈ ವಾರ 1884ಕ್ಕೆ ಬಂದೆ. ಮೊದಲ ಸಾಲಲ್ಲೇ ಪೆನ್ನು ನಿಂತುಬಿಟ್ಟಿತು.

ಅಮೆರಿಕದ ನ್ಯಾಷನಲ್ ಲೀಗ್‌ನಲ್ಲಿ ಆ ವರ್ಷ ಮೊದಲನೆಯವನು ಪ್ರಾವಿಡೆನ್ಸ್ ಗ್ರೇಸ್ ತಂಡದ ಚಾರ್ಲ್ಸ್ ರ್‍ಯಾಡ್‌ಬರ್ನ್. ಅವನಿಗೆ ಓಲ್ಡ್ ಹಾಸ್ ಅಂತ ಅಡ್ಡಹೆಸರು. ಹಾಸ್ ಅಂದರೆ ಅಲ್ಲಿನ ಹಳ್ಳಿ ಬಾಯಲ್ಲಿ ಕುದುರೆ. ಎರಡನೆಯವನು ಬಾಸ್ಟನ್‌ನ ಚಾರ್ಲಿ ಬಫಿಂಟನ್, 48 ಗೆಲುವು. ಆಮೇಲೆ ಬಫಲೋದ ಪಡ್ ಗ್ಯಾಲ್ವಿನ್ 46, ನ್ಯೂಯಾರ್ಕ್‌ನ ಮಿಕಿ ವೆಲ್ಚ್ 39, ಶಿಕಾಗೋದ ಲ್ಯಾರಿ ಕಾರ್ಕರನ್ 35. ಇವುಗಳಲ್ಲಿ ತಕರಾರಿಲ್ಲ. ತಕರಾರು ಇರುವುದು ಮೇಲಿನ ಹೆಸರಿನ ಮುಂದೆ. ಕೆಲವು ಕಡೆ 59 ಅಂತಿದೆ, ಕೆಲವು ಕಡೆ 60.

140 ವರ್ಷ ಆಯಿತು. ಒಬ್ಬ ಮನುಷ್ಯ ಎಷ್ಟು ಆಟ ಗೆದ್ದ ಅಂತ ಇನ್ನೂ ಒಂದು ಮಾತಿಗೆ ಬರಲು ಆಗಿಲ್ಲ. ನಾನು ಯಾವುದನ್ನು ಬರೆಯಲಿ? ತಿಳಿದವರು ಹೇಳಿ.

ಹೊಸ ನೋಡುಗ

ಸಾರ್, ನಾನು ಎರಡು ವರ್ಷದಿಂದಷ್ಟೇ ಬೇಸ್‌ಬಾಲ್ ನೋಡುತ್ತಿದ್ದೇನೆ. ಒಂದು ಮೂಲ ಪ್ರಶ್ನೆ. ಗೆಲ್ಲುವುದು ತಂಡ ಅಲ್ವಾ? ಗೆಲುವನ್ನು ಪಿಚರ್ ಹೆಸರಿಗೆ ಬರೆಯುವುದು ಯಾಕೆ? ಕ್ರಿಕೆಟ್‌ನಲ್ಲಿ ಬೌಲರ್ ಹೆಸರಿಗೆ ವಿಕೆಟ್ ಬರೆಯುತ್ತೇವೆ, ಪಂದ್ಯವನ್ನು ಬರೆಯುವುದಿಲ್ಲ.

ಕೂಡಿ ಕಳೆದು

ಹೊಸ ನೋಡುಗ ಅವರೇ, ಒಳ್ಳೆಯ ಪ್ರಶ್ನೆ. ಈಗಿನ ನಿಯಮ ಹೀಗಿದೆ. ತಂಡ ಮುನ್ನಡೆ ಪಡೆದು ಅದನ್ನು ಕೊನೆಯವರೆಗೂ ಬಿಟ್ಟುಕೊಡದಿದ್ದರೆ, ಆ ಮುನ್ನಡೆ ಬಂದಾಗ ಲೆಕ್ಕದಲ್ಲಿ ಯಾವ ಪಿಚರ್ ಇದ್ದನೋ, ಅಂದರೆ ಅದಕ್ಕೆ ಮೊದಲು ತಂಡಕ್ಕೆ ಕೊನೆಯದಾಗಿ ಎಸೆದವನು ಯಾರೋ, ಗೆಲುವು ಅವನದು. ಆಟ ಶುರು ಮಾಡಿದ ಪಿಚರ್ ಆದರೆ ಕನಿಷ್ಠ 5 ಇನ್ನಿಂಗ್ಸ್ ಎಸೆದಿರಬೇಕು. ಇಲ್ಲಿ ಇನ್ನಿಂಗ್ಸ್ ಅಂದರೆ ಎರಡೂ ತಂಡ ಒಂದೊಂದು ಸಲ ಬ್ಯಾಟ್ ಮಾಡುವ ಸುತ್ತು, ಒಂದು ಆಟಕ್ಕೆ ಸಾಮಾನ್ಯವಾಗಿ ಒಂಬತ್ತು. 1950ರಲ್ಲಿ ಇದನ್ನೆಲ್ಲ ನಿಯಮ ಪುಸ್ತಕದಲ್ಲಿ ಗಟ್ಟಿ ಮಾಡಿದರು. ಅದಕ್ಕೆ ಮೊದಲು ಸ್ಕೋರರ್ ಮಾತಿಗೆ ಜಾಸ್ತಿ ಬೆಲೆ ಇತ್ತು.

ಈಗಿನ ಕಾಲಕ್ಕೆ ಈ ಲೆಕ್ಕ ಅಷ್ಟು ಸರಿಹೋಗುವುದಿಲ್ಲ ಅನ್ನುವುದು ನಿಜ. 2018ರಲ್ಲಿ ಜೇಕಬ್ ಡಿಗ್ರಾಮ್ ಅನ್ನುವ ಪಿಚರ್ ಗೆದ್ದದ್ದು ಬರೀ 10 ಆಟ. ಆದರೂ ವರ್ಷದ ಅತ್ಯುತ್ತಮ ಪಿಚರ್‌ಗೆ ಕೊಡುವ ನ್ಯಾಷನಲ್ ಲೀಗ್‌ನ ಸೈ ಯಂಗ್ ಪ್ರಶಸ್ತಿ ಅವನಿಗೇ ಸಿಕ್ಕಿತು. ಅವನು ಚೆನ್ನಾಗಿ ಎಸೆದ, ತಂಡ ರನ್ ಹೊಡೆಯಲಿಲ್ಲ.

ಆದರೆ 1884ನ್ನು ಈ ಕಣ್ಣಲ್ಲಿ ನೋಡಬೇಡಿ. ಆ ವರ್ಷ ರ್‍ಯಾಡ್‌ಬರ್ನ್ ಶುರು ಮಾಡಿದ ಆಟಗಳು 73. ಮುಗಿಸಿದ್ದೂ 73. ಒಂದು ಆಟದಲ್ಲೂ ಅರ್ಧಕ್ಕೆ ಚೆಂಡನ್ನು ಬೇರೆಯವನ ಕೈಗೆ ಕೊಡಲಿಲ್ಲ. ಒಟ್ಟು 678 ಇನ್ನಿಂಗ್ಸ್ ದಾಟಿಸಿದ. ಈಗ ಯಾರಾದರೂ 200 ಇನ್ನಿಂಗ್ಸ್ ಮುಟ್ಟಿದರೆ ದೊಡ್ಡ ಸುದ್ದಿ. ಪ್ರಾವಿಡೆನ್ಸ್ ಆ ಸೀಸನ್‌ನಲ್ಲಿ ಗೆದ್ದದ್ದು 84, ಸೋತದ್ದು 28. ಆ 84ರಲ್ಲಿ 59 ಒಬ್ಬನ ತೋಳಿನಿಂದ ಬಂದದ್ದು. ಇಲ್ಲಿ ಗೆಲುವನ್ನು ಪಿಚರ್ ಹೆಸರಿಗೆ ಬರೆದರೆ ಯಾರಿಗೂ ಅನ್ಯಾಯ ಆಗುವುದಿಲ್ಲ.

ಎಡಗೈ ಸ್ಪಿನ್ನರ್

ನನಗೆ ಈ ಅಂಕಿ ಕೇಳಿದರೆ ಅಷ್ಟೊಂದು ಬೆರಗು ಆಗುವುದಿಲ್ಲ. ಆ ಕಾಲದಲ್ಲಿ ಎಲ್ಲರೂ ಹಾಗೇ ಎಸೆಯುತ್ತಿದ್ದರು. ಬಫಿಂಟನ್ 48, ಗ್ಯಾಲ್ವಿನ್ 46 ಅಂತ ನೀವೇ ಬರೆದಿದ್ದೀರಿ. ಇನ್ನೊಂದು ದೊಡ್ಡ ಲೀಗ್ ಆದ ಅಮೆರಿಕನ್ ಅಸೋಸಿಯೇಷನ್‌ನಲ್ಲಿ ಲೂಯಿವಿಲ್‌ನ ಗೈ ಹೆಕರ್ ಅದೇ ವರ್ಷ 52 ಆಟ ಗೆದ್ದ. ಅವನೂ 670 ಇನ್ನಿಂಗ್ಸ್ ಎಸೆದಿದ್ದಾನೆ. ಪಿಚರ್ ನಿಲ್ಲುವ ಚೌಕದ ಮುಂದಿನ ಗೆರೆ ಬ್ಯಾಟ್ಸ್‌ಮನ್‌ಗೆ 50 ಅಡಿ ದೂರದಲ್ಲಿತ್ತು. ಈಗಿನ 60 ಅಡಿ 6 ಇಂಚು ಬಂದದ್ದು 1893ರಲ್ಲಿ. ಹತ್ತಿರದಿಂದ ಎಸೆದರೆ ತೋಳಿಗೆ ಕಷ್ಟ ಕಡಿಮೆ ಅಲ್ವಾ? ತಂಡಕ್ಕೆ ಒಬ್ಬರೋ ಇಬ್ಬರೋ ಪಿಚರ್. ಇಂಥ ಅಂಕಿ ಬರಲೇಬೇಕು.

ಕೂಡಿ ಕಳೆದು

ಅರ್ಧ ಒಪ್ಪುತ್ತೇನೆ. ಆದರೆ 50 ಅಡಿ ಅನ್ನುವುದರ ಜೊತೆಗೆ ಉಳಿದ ನಿಯಮಗಳನ್ನೂ ನೋಡಿ. ಬ್ಯಾಟ್ಸ್‌ಮನ್‌ಗೆ ಚೆಂಡು ಎತ್ತರದಲ್ಲಿ ಬೇಕೋ, ತಗ್ಗಿನಲ್ಲಿ ಬೇಕೋ ಅಂತ ಕೇಳುವ ಹಕ್ಕಿತ್ತು. ಅವನು ಕೇಳಿದ ಎತ್ತರಕ್ಕೇ ಪಿಚರ್ ಎಸೆಯಬೇಕು. ಈ ಹಕ್ಕು ಹೋದದ್ದು 1887ರಲ್ಲಿ. ಫೀಲ್ಡರ್‌ಗಳಲ್ಲಿ ತುಂಬಾ ಜನ ಬರಿಗೈಯಲ್ಲಿ ಹಿಡಿಯುತ್ತಿದ್ದರು. ಚೆಂಡು ಕೈಜಾರಿದರೆ ಪಿಚರ್ ಮತ್ತೊಬ್ಬನನ್ನು ಔಟ್ ಮಾಡಬೇಕು, ಅಂದರೆ ಮತ್ತಷ್ಟು ಎಸೆತ.

ಇನ್ನೊಂದು ಮುಖ್ಯ ಸಂಗತಿ. 1884ರಲ್ಲೇ ನ್ಯಾಷನಲ್ ಲೀಗ್ ಭುಜದ ಮೇಲಿಂದ ಎಸೆಯಲು ಪೂರ್ತಿ ಒಪ್ಪಿಗೆ ಕೊಟ್ಟದ್ದು. ಅದುವರೆಗೆ ಕೈ ಕೆಳಗಿರಬೇಕಿತ್ತು. ತೋಳುಗಳು ಒಂದು ರೀತಿಗೆ ಪಳಗಿದ್ದವು. ಆ ವರ್ಷ ಇನ್ನೊಂದು ರೀತಿ ಎಸೆಯಲು ಹೊರಟರು, ಅದೂ ದಿನಾ ಎಸೆಯಲು. ಏನಾಗುತ್ತದೆ ನೀವೇ ಯೋಚಿಸಿ. ಕಾರ್ಕರನ್‌ನನ್ನೇ ತೆಗೆದುಕೊಳ್ಳಿ. ಅದೇ 1884ರ ಜೂನ್ 27ರಂದು, ಇದೇ ಪ್ರಾವಿಡೆನ್ಸ್ ವಿರುದ್ಧ, ಒಂದು ಹಿಟ್ ಕೂಡ ಕೊಡದೆ ಆಟ ಮುಗಿಸಿದ. ಅದು ಅವನ ಮೂರನೇ ನೋ ಹಿಟ್ಟರ್. ಮುಂದಿನ ವರ್ಷ ಅವನ ತೋಳು ಹೋಯಿತು. 1891ರಲ್ಲಿ, 32ನೇ ವಯಸ್ಸಿನಲ್ಲಿ, ತೀರಿಯೇ ಹೋದ.

ಪುಟ್ಟನ ಅಪ್ಪ

ನಾನು ಇಲ್ಲಿ ಬರೆಯುವುದು ಅಪರೂಪ. ಆದರೆ ತೋಳಿನ ಮಾತು ಬಂತಲ್ಲ, ಸುಮ್ನೆ ಇರಲು ಆಗಲಿಲ್ಲ.

ನನ್ನ ಮಗನಿಗೆ 12 ವರ್ಷ. ನಾವು ಇರುವುದು ನ್ಯೂಜೆರ್ಸಿಯಲ್ಲಿ. ಅವನು ಲಿಟಲ್ ಲೀಗ್ ಅನ್ನುವ ಮಕ್ಕಳ ಬೇಸ್‌ಬಾಲ್‌ನಲ್ಲಿ ಪಿಚರ್. ಅಲ್ಲಿನ ನಿಯಮದ ಪ್ರಕಾರ 11-12ರ ಮಕ್ಕಳು ಒಂದು ದಿನಕ್ಕೆ 85ಕ್ಕಿಂತ ಹೆಚ್ಚು ಎಸೆಯುವಂತಿಲ್ಲ. 66 ಮುಟ್ಟಿದರೆ ನಾಲ್ಕು ದಿನ ವಿಶ್ರಾಂತಿ. ಹೋದ ಬೇಸಿಗೆಯಲ್ಲಿ ಅವನು ಇನ್ನೊಂದು ತಂಡಕ್ಕೂ ಆಡಿದ. ಅಲ್ಲಿ ಲೆಕ್ಕ ಇಡುವವರು ಯಾರೂ ಇರಲಿಲ್ಲ. ಶನಿವಾರ ಒಂದು ಆಟ, ಭಾನುವಾರ ಮತ್ತೊಂದು. ನಾನೂ ಖುಷಿಯಿಂದ ಚಪ್ಪಾಳೆ ಹೊಡೆದೆ. ಸೋಮವಾರ ಬೆಳಿಗ್ಗೆ ಅವನು ಹಲ್ಲುಜ್ಜುವಾಗ ನಾನು ಹಿಂದೆ ನಿಂತಿದ್ದೆ. ಬ್ರಶ್ ಬಾಯಿಗೆ ಹೋಗುವ ಮೊದಲೇ ಕೈ ನಿಂತಿತು. ಅವನು ಏನೂ ಹೇಳದೆ ಬ್ರಶ್ ಎಡಗೈಗೆ ಬದಲಾಯಿಸಿಕೊಂಡ. ಕನ್ನಡಿಯಲ್ಲಿ ನನ್ನ ಮುಖ ನೋಡಿ, "ಏನೂ ಇಲ್ಲ ಅಪ್ಪ" ಅಂದ.

ಆರು ವಾರ ಚೆಂಡು ಮುಟ್ಟಬಾರದು ಅಂದರು ಡಾಕ್ಟರ್. ಈಗ ಸರಿಯಾಗಿದ್ದಾನೆ. ಆವತ್ತಿನಿಂದ ನಾನೇ ಎಣಿಸುತ್ತೇನೆ. ಬೆರಳಲ್ಲಿ ಒತ್ತುವ ಸಣ್ಣ ಎಣಿಕೆ ಯಂತ್ರ ಸದಾ ಜೇಬಿನಲ್ಲಿರುತ್ತದೆ.

ರ್‍ಯಾಡ್‌ಬರ್ನ್‌ಗೆ ಆ ಸೀಸನ್‌ನಲ್ಲಿ ತಲೆ ಬಾಚಲು ಕೈ ಎತ್ತಲು ಆಗುತ್ತಿರಲಿಲ್ಲ ಅಂತ ಹೇಳುತ್ತಾರಲ್ಲ, ಅದನ್ನು ಮೊದಲ ಸಲ ಓದಿದಾಗ ನನಗೆ ಕಂಡದ್ದು ಆ ಬ್ರಶ್.

ಸ್ಕೋರ್‌ಪುಸ್ತಕ

ಪುಟ್ಟನ ಅಪ್ಪ ಅವರೇ, ಬರೆದದ್ದಕ್ಕೆ ಧನ್ಯವಾದ. ಮಗು ಚೆನ್ನಾಗಿರಲಿ.

ಬಾಚಣಿಗೆಯ ಮಾತು ನಾನೂ ಓದಿದ್ದೇನೆ. ಆಟಕ್ಕೆ ಮೊದಲು ಅವನು ತೋಳನ್ನು ಹೇಗೆ ದಾರಿಗೆ ತರುತ್ತಿದ್ದ ಅನ್ನುವುದನ್ನೂ ಹೇಳುತ್ತಾರೆ. ಮೊದಲು ನಾಲ್ಕು ಹೆಜ್ಜೆ ದೂರಕ್ಕೆ ಎಸೆಯುವುದು, ಅದೂ ನೋವಿನಲ್ಲಿ. ಆಮೇಲೆ ಸ್ವಲ್ಪ ಹಿಂದೆ ಸರಿದು ಇನ್ನಷ್ಟು ದೂರಕ್ಕೆ. ತೋಳು ಬಿಸಿಯಾಗುವ ತನಕ ಹೀಗೇ ಹಿಂದೆ ಹಿಂದೆ ಹೋಗುವುದು. ಜೊತೆಯವರು ನಿಂತು ನೋಡುತ್ತಿದ್ದರಂತೆ.

ಎಡಗೈ ಸ್ಪಿನ್ನರ್

ಸರಿ, ತೋಳಿನ ವಿಷಯದಲ್ಲಿ ನನ್ನ ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಆದರೆ ಒಂದು ಹೇಳಿ. ಯಾಕೆ ಒಬ್ಬನೇ ಎಸೆದ? ಪ್ರಾವಿಡೆನ್ಸ್‌ನಲ್ಲಿ ಸ್ವೀನಿ ಅಂತ ಇನ್ನೊಬ್ಬ ಒಳ್ಳೆಯ ಪಿಚರ್ ಇದ್ದನಲ್ಲ? 40 ಆಟ ಗೆದ್ದವನು?

ಕೂಡಿ ಕಳೆದು

ಇಬ್ಬರು ಸ್ವೀನಿಗಳನ್ನು ಬೆರೆಸಿಬಿಟ್ಟಿದ್ದೀರಿ. ಎಲ್ಲರಿಗೂ ಆಗುವ ಗೊಂದಲ. 1884ರಲ್ಲಿ ಯೂನಿಯನ್ ಅಸೋಸಿಯೇಷನ್ ಅಂತ ಮೂರನೇ ಲೀಗ್ ಒಂದಿತ್ತು. ಒಂದೇ ವರ್ಷ ನಡೆದು ಮುಚ್ಚಿತು. ಅದರಲ್ಲಿ ಬಾಲ್ಟಿಮೋರ್ ಪರ 40 ಗೆದ್ದವನು ಬಿಲ್ ಸ್ವೀನಿ. ಪ್ರಾವಿಡೆನ್ಸ್‌ನವನು ಚಾರ್ಲಿ ಸ್ವೀನಿ. ಇವನು ಪ್ರಾವಿಡೆನ್ಸ್‌ಗೆ 17 ಗೆದ್ದ, ಮಧ್ಯದಲ್ಲಿ ಬಿಟ್ಟು ಯೂನಿಯನ್ ಅಸೋಸಿಯೇಷನ್‌ನ ಸೇಂಟ್ ಲೂಯಿ ತಂಡಕ್ಕೆ ಹೋಗಿ ಅಲ್ಲಿ 24 ಗೆದ್ದ. ಕೂಡಿದರೆ 41. ಎರಡು ಲೀಗ್ ಆದ್ದರಿಂದ ಯಾವ ಪಟ್ಟಿಯ ಮೇಲ್ತುದಿಯಲ್ಲೂ ಅವನ ಹೆಸರು ಬರುವುದಿಲ್ಲ.

ಸ್ಕೋರ್‌ಪುಸ್ತಕ

ಇದೇ ಇಡೀ ಕಥೆಯ ನಡುಗಂಬ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಸೀಸನ್ ಶುರುವಾದಾಗ ಪ್ರಾವಿಡೆನ್ಸ್‌ನಲ್ಲಿ ಇಬ್ಬರು ಪಿಚರ್‌ಗಳು. ರ್‍ಯಾಡ್‌ಬರ್ನ್‌ಗೆ 29 ವರ್ಷ, ಹಳಬ. ಸ್ವೀನಿ ಚಿಕ್ಕವನು, ವೇಗ ಜಾಸ್ತಿ. ಜೂನ್ 7ರಂದು ಬಾಸ್ಟನ್ ವಿರುದ್ಧ ಸ್ವೀನಿ ಒಂದೇ ಆಟದಲ್ಲಿ 19 ಸ್ಟ್ರೈಕ್‌ಔಟ್ ಮಾಡಿದ, ಅಂದರೆ ಫೀಲ್ಡರ್‌ಗಳ ನೆರವಿಲ್ಲದೆ ತನ್ನ ಎಸೆತದಿಂದಲೇ 19 ಸಲ ಬ್ಯಾಟ್ಸ್‌ಮನ್‌ನನ್ನು ಔಟ್ ಮಾಡಿದ. ಊರೆಲ್ಲ ಅವನದೇ ಮಾತು. ಹಳಬನಿಗೆ ಹೊಟ್ಟೆಯುರಿ. ಇಬ್ಬರಿಗೂ ಒಬ್ಬರನ್ನೊಬ್ಬರು ಕಂಡರೆ ಆಗದು. ಜುಲೈ ಮಧ್ಯದಲ್ಲಿ ಒಂದು ಆಟದಲ್ಲಿ ರ್‍ಯಾಡ್‌ಬರ್ನ್ ಸಿಟ್ಟಿನಿಂದ ಮನಸ್ಸಿಟ್ಟು ಎಸೆಯಲಿಲ್ಲ ಅಂತ ಕ್ಲಬ್‌ನವರು ಅವನನ್ನು ಅಮಾನತು ಮಾಡಿದರು. ಈಗ ಉಳಿದವನು ಸ್ವೀನಿ ಒಬ್ಬನೇ.

ಜುಲೈ 22. ಫಿಲಡೆಲ್ಫಿಯಾ ವಿರುದ್ಧ ಆಟ. ಪ್ರಾವಿಡೆನ್ಸ್ 6-2 ಮುಂದಿದೆ. ಸ್ವೀನಿ ಕುಡಿದಿದ್ದ. ಮ್ಯಾನೇಜರ್ ಫ್ರಾಂಕ್ ಬ್ಯಾಂಕ್ರಾಫ್ಟ್, ನೀನು ಮೈದಾನದ ಬಲಮೂಲೆ ರೈಟ್ ಫೀಲ್ಡ್‌ಗೆ ಹೋಗು, ಅಲ್ಲಿರುವ ಮಿಲ್ಲರ್ ಬಂದು ಎಸೆಯಲಿ ಅಂದ. ಆಗ ಈಗಿನ ಹಾಗೆ ಬೆಂಚಿನಿಂದ ಹೊಸಬನನ್ನು ಕರೆಸುವ ಹಾಗಿರಲಿಲ್ಲ. ಗಾಯವೋ ಕಾಯಿಲೆಯೋ ಆದರೆ ಮಾತ್ರ ಬದಲಿ ಆಟಗಾರ. ಇಲ್ಲವಾದರೆ ಮೈದಾನದಲ್ಲಿ ಇರುವವರೇ ಜಾಗ ಬದಲಾಯಿಸಿಕೊಳ್ಳಬೇಕು. ಸ್ವೀನಿ ಒಪ್ಪಲಿಲ್ಲ. ಮೈದಾನ ಬಿಟ್ಟು ನಡೆದುಬಿಟ್ಟ. ಪ್ರಾವಿಡೆನ್ಸ್ ಎಂಟೇ ಜನ ಇಟ್ಟುಕೊಂಡು ಆಟ ಮುಗಿಸಬೇಕಾಯಿತು. 10-6ಕ್ಕೆ ಸೋತರು.

ಅದೇ ದಿನ ಸ್ವೀನಿಯನ್ನು ಹೊರಹಾಕಿದರು. ಒಬ್ಬ ಪಿಚರ್ ಅಮಾನತಿನಲ್ಲಿ, ಇನ್ನೊಬ್ಬ ಹೊರಗೆ. ತಂಡವನ್ನೇ ಮುಚ್ಚಿಬಿಡೋಣ ಅನ್ನುವ ಮಾತೂ ಬಂತು. ಆಗ ಬ್ಯಾಂಕ್ರಾಫ್ಟ್ ರ್‍ಯಾಡ್‌ಬರ್ನ್ ಹತ್ತಿರ ಹೋದ. ರ್‍ಯಾಡ್‌ಬರ್ನ್ ಒಂದು ಷರತ್ತು ಇಟ್ಟ. ಉಳಿದ ಆಟಗಳನ್ನೆಲ್ಲ ನಾನೇ ಎಸೆಯುತ್ತೇನೆ, ಅದಕ್ಕೆ ಹೆಚ್ಚಿನ ಹಣ ಕೊಡಿ, ಸೀಸನ್ ಮುಗಿದ ಮೇಲೆ ನನ್ನನ್ನು ಕ್ಲಬ್‌ನ ಹಿಡಿತದಿಂದ ಬಿಡಿ.

ಈ ಹಿಡಿತ ಅಂದರೆ ಏನು ಅಂತ ಹೊಸಬರಿಗೆ ಹೇಳಬೇಕು. ರಿಸರ್ವ್ ನಿಯಮ ಅಂತ ಇತ್ತು. ಒಮ್ಮೆ ಒಂದು ಕ್ಲಬ್‌ಗೆ ಸಹಿ ಹಾಕಿದರೆ ಅವರಾಗಿ ಬಿಡುವವರೆಗೂ ಆಟಗಾರ ಬೇರೆ ಕಡೆ ಹೋಗುವ ಹಾಗಿಲ್ಲ. ರ್‍ಯಾಡ್‌ಬರ್ನ್ ಕೇಳಿದ್ದು ಬರೀ ಹಣವಲ್ಲ, ತನ್ನ ತೋಳು ತನ್ನದು ಅನ್ನುವ ಹಕ್ಕು. ಆ ಮಾತಿಗೆ ಅವನು ತೆತ್ತ ಬೆಲೆ ನೋಡಿ. ಜುಲೈ 23ರಿಂದ ಸೆಪ್ಟೆಂಬರ್ 24ರವರೆಗೆ ಪ್ರಾವಿಡೆನ್ಸ್ ಆಡಿದ್ದು 43 ಆಟ. 40 ಆಟಗಳನ್ನು ಅವನೇ ಶುರು ಮಾಡಿದ. 36 ಗೆದ್ದ. ಅದರ ನಡುವೆ ತಂಡ ಸತತ 20 ಗೆಲುವು ಕಂಡಿತು. ಕೊನೆಗೆ ಬಾಸ್ಟನ್‌ಗಿಂತ ಹತ್ತೂವರೆ ಆಟ ಮುಂದಿದ್ದು ಪಟ್ಟ ಗೆದ್ದರು.

ಹೊಸ ನೋಡುಗ

ಓದಿ ಮೈ ಜುಮ್ಮೆಂದಿತು ಸಾರ್. ಆಮೇಲೆ ಅವನನ್ನು ಬಿಟ್ಟರಾ?

ಸ್ಕೋರ್‌ಪುಸ್ತಕ

ಬಿಡುವ ಮಾತು ಆಗಿತ್ತು. ಆದರೆ ಅವನೇ ಮುಂದಿನ ವರ್ಷಕ್ಕೂ ಪ್ರಾವಿಡೆನ್ಸ್‌ಗೇ ಸಹಿ ಹಾಕಿದ. 1885ರಲ್ಲಿ ಗೆಲುವು 28ಕ್ಕೆ ಇಳಿಯಿತು. ಆ ವರ್ಷದ ಕೊನೆಗೆ ತಂಡವೇ ಮುಚ್ಚಿಹೋಯಿತು. ಅವನು 1891ರವರೆಗೆ ಬೇರೆ ಬೇರೆ ತಂಡಗಳಿಗೆ ಎಸೆದ, ಆದರೆ 1884ರ ತೋಳು ಮತ್ತೆ ಬರಲಿಲ್ಲ.

ಇನ್ನೊಂದು ಮರೆತಿದ್ದೆ. 1884ರ ಅಕ್ಟೋಬರ್‌ನಲ್ಲಿ ಎರಡು ಲೀಗ್‌ಗಳ ಚಾಂಪಿಯನ್‌ಗಳು ಮುಖಾಮುಖಿಯಾದರು. ನ್ಯೂಯಾರ್ಕ್‌ನ ಪೋಲೋ ಗ್ರೌಂಡ್ಸ್‌ನಲ್ಲಿ, 23, 24, 25ನೇ ತಾರೀಖು, ಮೂರು ದಿನ ಮೂರು ಆಟ. ಎದುರಾಳಿ ನ್ಯೂಯಾರ್ಕ್ ಮೆಟ್ರೊಪಾಲಿಟನ್ಸ್. ಪ್ರಾವಿಡೆನ್ಸ್ ಮೂರನ್ನೂ ಗೆದ್ದಿತು. ಮೂರನ್ನೂ ಎಸೆದವನು ಯಾರು ಅಂತ ಬೇರೆ ಹೇಳಬೇಕಾಗಿಲ್ಲ. ಮೆಟ್ರೊಪಾಲಿಟನ್ಸ್‌ನ ದೊಡ್ಡ ಪಿಚರ್ ಟಿಮ್ ಕೀಫ್ ಮೊದಲ ಎರಡು ಆಟ ಎಸೆದು ಸೋತ, ಮೂರನೇ ದಿನ ಅಂಪೈರ್ ಆಗಿ ನಿಂತ. ಆ ಕಾಲದ ಬೇಸ್‌ಬಾಲ್ ಹೀಗಿತ್ತು.

ಓದುಗಿ

1884ರ ಗೆಲುವಿನ ಪಟ್ಟಿ ಅಂದಾಗ ನನಗೆ ಬೇರೊಂದು ಹೆಸರು ನೆನಪಾಗುತ್ತದೆ. ಅಮೆರಿಕನ್ ಅಸೋಸಿಯೇಷನ್‌ನ ಟೊಲಿಡೊ ತಂಡಕ್ಕೆ ಟೋನಿ ಮುಲೇನ್ ಆ ವರ್ಷ 36 ಆಟ ಗೆದ್ದ. ಅವನ ಚೆಂಡು ಹಿಡಿಯುತ್ತಿದ್ದ ಕ್ಯಾಚರ್‌ಗಳಲ್ಲಿ ಒಬ್ಬ ಮೋಸಸ್ ಫ್ಲೀಟ್‌ವುಡ್ ವಾಕರ್, ಕಪ್ಪು ಜನಾಂಗದವನು. ದೊಡ್ಡ ಲೀಗ್‌ನ ಬಣ್ಣದ ಗೋಡೆ ಒಡೆದವನು ಅಂತ ಎಲ್ಲರೂ ಹೇಳುವ ಜ್ಯಾಕಿ ರಾಬಿನ್ಸನ್ ಬಂದದ್ದು 1947ರಲ್ಲಿ. ಅದಕ್ಕೂ 63 ವರ್ಷ ಮೊದಲೇ ವಾಕರ್ ದೊಡ್ಡ ಲೀಗ್‌ನಲ್ಲಿ ಆಡಿದ್ದ.

ಯಾವ ಚೆಂಡು ಬರುತ್ತದೆ ಅಂತ ಕ್ಯಾಚರ್ ಮತ್ತು ಪಿಚರ್ ನಡುವೆ ಸನ್ನೆ ಇರುತ್ತದಲ್ಲ, ವಾಕರ್ ಕೊಟ್ಟ ಸನ್ನೆಯನ್ನು ಮುಲೇನ್ ನೋಡುತ್ತಲೇ ಇರಲಿಲ್ಲ. ತನಗೆ ತೋಚಿದ್ದು ಎಸೆಯುತ್ತಿದ್ದ. ಬಣ್ಣದ ಕಾರಣಕ್ಕೆ. ಮುಂದೆ ವಯಸ್ಸಾದ ಮೇಲೆ ಇದನ್ನು ಅವನೇ ಒಪ್ಪಿಕೊಂಡ. ತಾನು ಕಂಡ ಅತ್ಯುತ್ತಮ ಕ್ಯಾಚರ್ ವಾಕರ್ ಅಂತಲೂ ಹೇಳಿದ. ಏನು ಬರುತ್ತದೆ ಅಂತ ಗೊತ್ತಿಲ್ಲದೆ, ಈಗಿನಂಥ ದಪ್ಪ ಗ್ಲೌಸ್ ಇಲ್ಲದೆ, ಹತ್ತಿರದಿಂದ ಬರುವ ಚೆಂಡನ್ನು ಹಿಡಿಯುವುದು ಅಂದರೆ ಏನು ಅಂತ ಊಹಿಸಿ. ಮುಲೇನ್ ಹೆಸರಿನ ಮುಂದೆ 36 ಇದೆ. ಅದರಲ್ಲಿ ವಾಕರ್‌ನ ಬೆರಳುಗಳ ಪಾಲು ಎಷ್ಟು ಅಂತ ಬರೆಯಲು ಆ ಪಟ್ಟಿಯಲ್ಲಿ ಜಾಗವಿಲ್ಲ.

ಸ್ಕೋರ್‌ಪುಸ್ತಕ

ಮೇಡಂ, ಇದನ್ನು ನನ್ನ ಪುಟದ ಅಂಚಿನಲ್ಲಿ ಬರೆದುಕೊಂಡೆ. ಇಷ್ಟು ದಿನ ಮುಲೇನ್ ಸಾಲಿನಲ್ಲಿ ಅಂಕಿ ಮಾತ್ರ ಇತ್ತು.

ಎಡಗೈ ಸ್ಪಿನ್ನರ್

ಎಲ್ಲ ಸರಿ. ಮೂಲ ಪ್ರಶ್ನೆಗೆ ಬನ್ನಿ. 59ಕ್ಕೂ 60ಕ್ಕೂ ನಡುವಿನ ಆ ಒಂದು ಆಟ ಯಾವುದು?

ಕೂಡಿ ಕಳೆದು

ಜುಲೈ 28, ಫಿಲಡೆಲ್ಫಿಯಾದಲ್ಲಿ. ಸ್ವೀನಿ ಹೋಗಿ ಆರು ದಿನ ಆಗಿತ್ತು.

ಆ ದಿನ ಆಟ ಶುರು ಮಾಡಿದವನು ರ್‍ಯಾಡ್‌ಬರ್ನ್ ಅಲ್ಲ, ಅದೇ ಮಿಲ್ಲರ್, ಸೈಕ್ಲೋನ್ ಮಿಲ್ಲರ್. ಮಿಲ್ಲರ್ 5 ಇನ್ನಿಂಗ್ಸ್ ಎಸೆದ. ಅವನು ಮುಗಿಸಿದಾಗ ಪ್ರಾವಿಡೆನ್ಸ್ 3-4ಕ್ಕೆ ಹಿಂದಿತ್ತು. ಆರನೇ ಇನ್ನಿಂಗ್ಸ್‌ನ ಮೊದಲರ್ಧದಲ್ಲಿ ಪ್ರಾವಿಡೆನ್ಸ್ ಬ್ಯಾಟ್ ಮಾಡಿ 4 ರನ್ ಗಳಿಸಿತು. ಈಗ 7-4 ಮುಂದೆ. ಅದೇ ಇನ್ನಿಂಗ್ಸ್‌ನ ಎರಡನೇ ಅರ್ಧಕ್ಕೆ ರ್‍ಯಾಡ್‌ಬರ್ನ್ ಬಂದ. ಅಲ್ಲಿಂದ ಕೊನೆಯವರೆಗೂ ಒಂದು ರನ್ ಕೊಡಲಿಲ್ಲ. ಪ್ರಾವಿಡೆನ್ಸ್ ಇನ್ನೂ 4 ರನ್ ಸೇರಿಸಿ 11-4ಕ್ಕೆ ಗೆದ್ದಿತು.

ಸ್ಕೋರರ್ ಗೆಲುವನ್ನು ರ್‍ಯಾಡ್‌ಬರ್ನ್‌ಗೆ ಕೊಟ್ಟ. ಚೆನ್ನಾಗಿ ಎಸೆದವನು ಅವನು ಅನ್ನುವುದು ಕಾರಣ. ಈಗಿನ ನಿಯಮ ಹಾಕಿದರೆ ಮುನ್ನಡೆ ಬಂದಾಗ ಲೆಕ್ಕದಲ್ಲಿದ್ದವನು ಮಿಲ್ಲರ್, 5 ಇನ್ನಿಂಗ್ಸ್ ಕೂಡ ಪೂರ್ತಿ ಮಾಡಿದ್ದ. ಗೆಲುವು ಅವನದು. ರ್‍ಯಾಡ್‌ಬರ್ನ್‌ಗೆ ಸಿಗುವುದು ಸೇವ್, ಅಂದರೆ ಮುನ್ನಡೆ ಕಾಪಾಡಿ ಆಟ ಮುಗಿಸಿದ ಲೆಕ್ಕ. ಸ್ಕೋರರ್ ಮಾತು ಹಿಡಿದರೆ 60, ಈಗಿನ ನಿಯಮ ಹಿಡಿದರೆ 59.

ನನ್ನ ಮತ 59ಕ್ಕೆ. ಬೇರೆ ಎಲ್ಲ ಪಿಚರ್‌ಗಳ ಲೆಕ್ಕವನ್ನೂ ಒಂದೇ ಅಳತೆಯಲ್ಲಿ ಅಳೆಯಬೇಕು. ಇಲ್ಲದಿದ್ದರೆ ಹೋಲಿಕೆಗೆ ಅರ್ಥವಿಲ್ಲ.

ಟೋಕಿಯೊದಿಂದ

ನಾನು ಹತ್ತು ವರ್ಷದಿಂದ ಜಪಾನ್‌ನಲ್ಲಿದ್ದೇನೆ. ಇಲ್ಲೂ ಹೆಚ್ಚುಕಡಿಮೆ ಇದೇ ಜಗಳ ನಡೆದಿದೆ. ಅವರು ಅದನ್ನು ಉಲ್ಟಾ ಬಗೆಹರಿಸಿದರು.

1939ರಲ್ಲಿ ಟೋಕಿಯೊ ಕ್ಯೋಜಿನ್ ತಂಡದ ವಿಕ್ಟರ್ ಸ್ಟಾರ್ಫಿನ್ 42 ಆಟ ಗೆದ್ದ. ರಷ್ಯಾದಲ್ಲಿ ಹುಟ್ಟಿ, ಕ್ರಾಂತಿಯ ಕಾಲದಲ್ಲಿ ತಂದೆ ತಾಯಿ ಜೊತೆ ಓಡಿಬಂದು ಜಪಾನ್‌ನಲ್ಲಿ ಬೆಳೆದವನು. ಯುದ್ಧದ ನಂತರ ಹಳೇ ಲೆಕ್ಕಗಳನ್ನು ಮತ್ತೆ ತೂಗಿ ನೋಡಿದರು. ಎರಡು ಗೆಲುವು ನಿಯಮಕ್ಕೆ ಹೊಂದುವುದಿಲ್ಲ ಅಂತ 40ಕ್ಕೆ ಇಳಿಸಿದರು. ಸ್ಟಾರ್ಫಿನ್ 1957ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡ. 1961ರಲ್ಲಿ ನಿಶಿಟೆಟ್ಸು ಲಯನ್ಸ್‌ನ ಕಜುಹಿಸಾ ಇನಾವೊ 42 ಗೆದ್ದ. 40 ದಾಟಿತು, ಹೊಸ ದಾಖಲೆ ಅಂದುಕೊಂಡರು. ಆಮೇಲೆ ಪ್ರಶ್ನೆ ಮತ್ತೆ ಎದ್ದಿತು. ಆ ದಿನದ ಸ್ಕೋರರ್ ಕೊಟ್ಟ ತೀರ್ಪು ಉಳಿಯಬೇಕು ಅಂತ 1962ರಲ್ಲಿ ಸ್ಟಾರ್ಫಿನ್‌ಗೆ 42 ವಾಪಸ್ ಕೊಟ್ಟರು. ಈಗ ದಾಖಲೆಯಲ್ಲಿ ಇಬ್ಬರ ಹೆಸರೂ ಇದೆ.

ನನಗೆ ಅದು ಸರಿ ಅನ್ನಿಸುತ್ತದೆ. ಆಟ ಕಣ್ಣಾರೆ ಕಂಡವನು ಸ್ಕೋರರ್. ಅವನು ತನ್ನ ಕಾಲದ ರೂಢಿಯಂತೆ ಬರೆದ. ಆ ನಿಯಮ ಹುಟ್ಟುವ ಮೊದಲು ಆಡಿದವರಿಗೆ ಅದನ್ನು ಹಾಕುವುದು ಯಾಕೆ? ರ್‍ಯಾಡ್‌ಬರ್ನ್‌ಗೆ 60 ಇರಲಿ.

ಪುಟ್ಟನ ಅಪ್ಪ

ನಾನು ಮಿಲ್ಲರ್ ಪರ. ಐದು ಇನ್ನಿಂಗ್ಸ್ ಎಸೆದಿದ್ದಾನೆ. ರ್‍ಯಾಡ್‌ಬರ್ನ್ ಹತ್ತಿರ 59 ಇದೆ. ಆ ಇನ್ನೊಂದನ್ನು ಅವನಿಗೆ ಸೇರಿಸಿದರೆ ಹೆಚ್ಚುವುದು ಒಂದು ಅಂಕಿ. ಮಿಲ್ಲರ್‌ನಿಂದ ತೆಗೆದರೆ ಅವನ ಆ ಮಧ್ಯಾಹ್ನವೇ ಹೋಗುತ್ತದೆ.

ಓದುಗಿ

ನನಗೆ ಕಾಣುವುದು ಬೇರೆ. ರ್‍ಯಾಡ್‌ಬರ್ನ್ 73 ಆಟ ಶುರು ಮಾಡಿ 73ನ್ನೂ ಮುಗಿಸಿದ. ಅವನ ಜೊತೆ ಇನ್ನೊಂದು ತೋಳು ಹಂಚಿಕೊಂಡ ಆಟಗಳು ತೀರಾ ಕಡಿಮೆ. ಜಗಳ ಹುಟ್ಟಿದ್ದು ಅಂಥದ್ದೇ ಒಂದು ಆಟದಲ್ಲಿ. ಅವನೊಬ್ಬನೇ ಇದ್ದ ಕಡೆ ಯಾರಿಗೂ ಅನುಮಾನವೇ ಬಂದಿಲ್ಲ.

ಎಡಗೈ ಸ್ಪಿನ್ನರ್

ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಈಗ ಒಪ್ಪುತ್ತೇನೆ. ಹೆಕರ್‌ನ 52, ಗ್ಯಾಲ್ವಿನ್‌ನ 46 ಇವನ್ನೂ ಹಾಗೇ ನೋಡಬೇಕು. ಬಫಲೋ ಆ ವರ್ಷ ಗೆದ್ದ ಒಟ್ಟು ಆಟ 64, ಅದರಲ್ಲಿ 46 ಗ್ಯಾಲ್ವಿನ್‌ದು. ಲೂಯಿವಿಲ್ ಗೆದ್ದದ್ದು 68, ಅದರಲ್ಲಿ 52 ಹೆಕರ್‌ದು. ಹೆಕರ್ ಎರಡು ವರ್ಷದ ನಂತರ ಬ್ಯಾಟಿಂಗ್‌ನಲ್ಲೂ ಲೀಗ್‌ಗೆ ಮೊದಲನೆಯವನಾದ. ಪಿಚರ್ ಒಬ್ಬ ಬ್ಯಾಟಿಂಗ್ ಪಟ್ಟ ಗೆದ್ದದ್ದು ಅದೊಂದೇ ಸಲ. ಇವರನ್ನೆಲ್ಲ ನಾನು ಬರೀ ಹಳೇ ಕಾಲದ ಅಂಕಿ ಅಂತ ಪಕ್ಕಕ್ಕೆ ಸರಿಸಿದ್ದು ತಪ್ಪಾಯಿತು.

ಹೊಸ ನೋಡುಗ

ಚಾರ್ಲಿ ಸ್ವೀನಿ ಏನಾದ?

ಕೂಡಿ ಕಳೆದು

ಕೊನೆ ಚೆನ್ನಾಗಿಲ್ಲ. 1884ರ ನಂತರ ತೋಳು ಕೈಕೊಟ್ಟಿತು, 1887ಕ್ಕೆ ದೊಡ್ಡ ಲೀಗ್ ಮುಗಿಯಿತು. ಹುಟ್ಟೂರು ಸ್ಯಾನ್‌ಫ್ರಾನ್ಸಿಸ್ಕೋಗೆ ಹೋದ. ಅಲ್ಲಿ ಒಂದು ಜಗಳದಲ್ಲಿ ಗುಂಡು ಹಾರಿಸಿ ಒಬ್ಬನನ್ನು ಕೊಂದು ಜೈಲಿಗೆ ಹೋದ. 1902ರಲ್ಲಿ ತೀರಿಕೊಂಡ.

ಬ್ಲೂಮಿಂಗ್‌ಟನ್ ಕನ್ನಡಿಗ

ಈ ಚರ್ಚೆ ಈಗ ನೋಡಿದೆ, ತಡವಾಯಿತು. ನಾನು ಕೆಲಸದ ಕಾರಣಕ್ಕೆ ಇಲಿನಾಯ್ ರಾಜ್ಯದ ಬ್ಲೂಮಿಂಗ್‌ಟನ್‌ನಲ್ಲಿದ್ದೇನೆ. ಇಲ್ಲಿ ವಿಮಾ ಕಂಪನಿಯ ಕೆಲಸಕ್ಕೆ ಬಂದ ನಮ್ಮ ಕಡೆಯವರು ತುಂಬಾ ಜನ ಇದ್ದಾರೆ. ರ್‍ಯಾಡ್‌ಬರ್ನ್ ಬೆಳೆದದ್ದು ಇದೇ ಊರಿನಲ್ಲಿ. ಆಟ ಬಿಟ್ಟ ಮೇಲೆ ಇಲ್ಲೇ ಒಂದು ಸಲೂನ್, ಅಂದರೆ ಹೆಂಡದಂಗಡಿ ನಡೆಸಿದ. ಬೇಟೆಗೆ ಹೋದಾಗ ಗುಂಡು ಸಿಡಿದು ಒಂದು ಕಣ್ಣು ಹೋಯಿತು. ಆಮೇಲೆ ಜನರಿಗೆ ಮುಖ ತೋರಿಸದೆ ಒಳಕೋಣೆಯಲ್ಲೇ ಕೂರುತ್ತಿದ್ದ ಅಂತ ಹೇಳುತ್ತಾರೆ. 1897ರ ಫೆಬ್ರವರಿಯಲ್ಲಿ, 42ನೇ ವಯಸ್ಸಿನಲ್ಲಿ ಹೋಗಿಬಿಟ್ಟ. ಬೇಸ್‌ಬಾಲ್‌ನ ಶ್ರೇಷ್ಠರನ್ನು ಗೌರವಿಸುವ ಹಾಲ್ ಆಫ್ ಫೇಮ್‌ಗೆ ಅವನ ಹೆಸರು ಸೇರಿದ್ದು 1939ರಲ್ಲಿ.

ಅವನ ಸಮಾಧಿ ಎವರ್‌ಗ್ರೀನ್ ಸ್ಮಶಾನದಲ್ಲಿದೆ. ನಮ್ಮ ಮನೆಯಿಂದ ಕಾರಲ್ಲಿ ಹತ್ತು ನಿಮಿಷ. ಹೋದ ನವೆಂಬರ್‌ನಲ್ಲಿ ಒಂದು ಸಂಜೆ ಒಬ್ಬನೇ ಹೋಗಿದ್ದೆ. ಕಲ್ಲು ದೊಡ್ಡದು. ಬುಡದಲ್ಲಿ ಯಾರೋ ಒಂದು ಹಳೇ ಬೇಸ್‌ಬಾಲ್ ಇಟ್ಟಿದ್ದರು. ಮಳೆಗೆ ನೆನೆದು ಚರ್ಮ ಕಪ್ಪಾಗಿತ್ತು, ಒಂದು ಕಡೆ ಹೊಲಿಗೆ ಬಿಚ್ಚಿತ್ತು. ಕೈಯಲ್ಲಿ ಎತ್ತಿ ನೋಡಿದೆ. ನೀರು ಕುಡಿದು ಭಾರವಾಗಿತ್ತು. ಎಲ್ಲಿತ್ತೋ ಅಲ್ಲೇ ಇಟ್ಟುಬಂದೆ.

ಸ್ಕೋರ್‌ಪುಸ್ತಕ

ಬ್ಲೂಮಿಂಗ್‌ಟನ್ ಅವರೇ, ತುಂಬಾ ಧನ್ಯವಾದ. ಒಂದು ಕೇಳಲಾ? ಆ ಕಲ್ಲಿನ ಹಿಂಭಾಗದಲ್ಲಿ 1941ರಲ್ಲಿ ಒಂದು ಫಲಕ ಹಾಕಿದ್ದಾರೆ, ಅವನ ಆಟದ ಸಾಧನೆ ಅದರಲ್ಲಿ ಬರೆದಿದೆ ಅಂತ ಓದಿದ್ದೇನೆ. ಅದನ್ನು ನೋಡಿದಿರಾ?

ನಾನು ನನ್ನ ಪುಟದಲ್ಲಿ 59 ಅಂತ ಬರೆದೆ. ಪೆನ್ಸಿಲ್‌ನಲ್ಲಿ. ಕೆಳಗೆ ಇನ್ನೊಂದು ಸಾಲು ಸೇರಿಸಿದೆ: ಜುಲೈ 28, ಫಿಲಡೆಲ್ಫಿಯಾ, ಮಿಲ್ಲರ್ 5 ಇನ್ನಿಂಗ್ಸ್, ರ್‍ಯಾಡ್‌ಬರ್ನ್ 4.

ಬ್ಲೂಮಿಂಗ್‌ಟನ್ ಕನ್ನಡಿಗ

ಆವತ್ತು ಕತ್ತಲಾಗಿತ್ತು, ಹಿಂದೆ ಹೋಗಿ ನೋಡಲಿಲ್ಲ. ಈ ಶನಿವಾರ ಬೆಳಿಗ್ಗೆ ಹೋಗುತ್ತೇನೆ. ಫೋಟೋ ತೆಗೆದು ಇಲ್ಲೇ ಹಾಕುತ್ತೇನೆ.